ಹಣಕಾಸು ಪದವಿಗಳು ಮತ್ತು ವೃತ್ತಿಗಳು

ಹಣವನ್ನು ಹೂಡುವ, ಸಾಲವಾಗಿ ಕೊಡುವ, ನಷ್ಟದ ಸಾಧ್ಯತೆಯನ್ನು ಅಳೆಯುವ ಮತ್ತು ಇವೆಲ್ಲಕ್ಕೂ ಲೆಕ್ಕ ಇಡುವ ವಿದ್ಯೆಗಳನ್ನು ಕಲಿಸುವ ಕೋರ್ಸುಗಳಿಗೆ ಒಟ್ಟಾಗಿ ಹಣಕಾಸು ಶಿಕ್ಷಣವೆಂದು ಹೆಸರು. ಭಾರತದಲ್ಲಿ ಇದಕ್ಕೆ ಎರಡು ಕವಲುಗಳಿವೆ. ಬಿ.ಕಾಂ., ಬಿಬಿಎ, ಅರ್ಥಶಾಸ್ತ್ರದ ಬಿ.ಎ. ಮತ್ತು ಬಿ.ಎಸ್‌ಸಿ., ಎಂ.ಕಾಂ., ಎಂಬಿಎ ಮೊದಲಾದವು ವಿಶ್ವವಿದ್ಯಾಲಯದ ಪದವಿಗಳು. ಸಿಎ, ಸಿಎಂಎ, ಸಿಎಸ್, ಆಕ್ಚುಯರಿ ಇವು ಸಂಸತ್ತಿನ ಕಾಯ್ದೆಗಳ ಆಸರೆಯಲ್ಲಿ ನಡೆಯುವ ವೃತ್ತಿಸಂಸ್ಥೆಗಳ ಅರ್ಹತೆಗಳು. ಮೊದಲನೆಯವು ಓದಿದ್ದಕ್ಕೆ ಸಾಕ್ಷಿ ಕೊಡುತ್ತವೆ. ಎರಡನೆಯವು ಕೆಲವು ಕಾಗದಗಳಿಗೆ ಸಹಿ ಹಾಕುವ ಅಧಿಕಾರ ಕೊಡುತ್ತವೆ. ಪಿಯುಸಿ ಫಲಿತಾಂಶ ಬಂದ ವಾರ ಮನೆಮನೆಯಲ್ಲಿ ನಡೆಯುವ ‘ಬಿ.ಕಾಂ. ಒಳ್ಳೆಯದೋ, ಬಿಬಿಎ ಒಳ್ಳೆಯದೋ’ ಎಂಬ ಚರ್ಚೆಯಲ್ಲಿ ಈ ವ್ಯತ್ಯಾಸದ ಮಾತೇ ಬರುವುದಿಲ್ಲ. ನಿಜಕ್ಕೂ ಮೊದಲು ಕೇಳಬೇಕಾದದ್ದು ಅದನ್ನೇ.

ಹಿನ್ನೆಲೆ

ಕಾಲೇಜು ಬರುವ ಮೊದಲೂ ಲೆಕ್ಕ ಇತ್ತು. ಹಳ್ಳಿಯ ಕಂದಾಯದ ಲೆಕ್ಕವನ್ನು ಶಾನುಭೋಗ ಇಡುತ್ತಿದ್ದ. ಪೇಟೆಯ ಅಂಗಡಿಯಲ್ಲಿ ದಿನದ ವಹಿವಾಟು ಕಿರ್ದಿಗೆ ಏರಿ ಅಲ್ಲಿಂದ ಖಾತೆಗೆ ಹೋಗುತ್ತಿತ್ತು. ಸರ್ಕಾರದ ಹಣಕಾಸು ವರ್ಷ ಏಪ್ರಿಲ್ 1ಕ್ಕೆ ಆರಂಭವಾದರೂ ದೀಪಾವಳಿಯ ದಿನ ಹೊಸ ಲೆಕ್ಕದ ಪುಸ್ತಕಕ್ಕೆ ಅರಿಶಿನ ಕುಂಕುಮ ಹಚ್ಚಿ ಪೂಜಿಸುವ ಅಂಗಡಿಗಳು ಇಂದಿಗೂ ಇವೆ. ಪುಸ್ತಕವಿಲ್ಲದವರು ಕಂಪ್ಯೂಟರಿಗೇ ಕುಂಕುಮ ಇಡುತ್ತಾರೆ. ಗಲ್ಲಾಪೆಟ್ಟಿಗೆಯ ಪಕ್ಕ ಕೂತು ಅಪ್ಪನಿಂದ ಮಗ ಕಲಿಯುತ್ತಿದ್ದ ಈ ವಿದ್ಯೆ ತರಗತಿಗೆ ಬಂದದ್ದು 1886ರಲ್ಲಿ, ಮದರಾಸಿನ ಪಚ್ಚೈಯಪ್ಪ ದತ್ತಿಯವರು ವಾಣಿಜ್ಯ ಶಾಲೆ ತೆರೆದಾಗ. 1913ರಲ್ಲಿ ಮುಂಬಯಿಯಲ್ಲಿ ಸಿಡನ್‌ಹ್ಯಾಮ್ ಕಾಲೇಜು ಹುಟ್ಟಿತು. ಏಷ್ಯಾದ ಮೊದಲ ವಾಣಿಜ್ಯ ಕಾಲೇಜೆಂಬ ಹೆಸರು ಅದಕ್ಕಿದೆ. ಈಗ ಶ್ರೀರಾಮ್ ವಾಣಿಜ್ಯ ಕಾಲೇಜು ಎಂದು ಹೆಸರಾಗಿರುವ ದೆಹಲಿಯ ಸಂಸ್ಥೆ 1926ರದು.

ಕನ್ನಡ ನಾಡಿನ, ಅದರಲ್ಲೂ ಕರಾವಳಿಯ, ಕತೆ ಸ್ವಲ್ಪ ಬೇರೆ. ಅಲ್ಲಿ ಪದವಿಗಿಂತ ಬ್ಯಾಂಕು ಮೊದಲು ಬಂತು. ಅಮ್ಮೆಂಬಳ ಸುಬ್ಬರಾವ್ ಪೈಯವರು ಮಂಗಳೂರಿನಲ್ಲಿ ಕೆನರಾ ಬ್ಯಾಂಕಿಗೆ ಅಡಿಪಾಯ ಹಾಕಿದ 1906ರಲ್ಲೇ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎಂದಾದ ಸಂಸ್ಥೆಯನ್ನು ಕಟ್ಟಿದರು. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಉಡುಪಿಯ ಸಿಂಡಿಕೇಟ್, 1931ರಲ್ಲಿ ವಿಜಯಾ ಬ್ಯಾಂಕ್ ಬಂದವು. ದಿನಕ್ಕೆ ಎರಡಾಣೆಯನ್ನಾದರೂ ಮನೆಬಾಗಿಲಿಗೆ ಹೋಗಿ ಸಂಗ್ರಹಿಸುವ ಪಿಗ್ಮಿ ಠೇವಣಿಯನ್ನು ಸಿಂಡಿಕೇಟ್ 1928ರಲ್ಲಿ ಶುರುಮಾಡಿತು. ಹಳೆಯ ಮೈಸೂರಿನಲ್ಲಿ ವಿಶ್ವೇಶ್ವರಯ್ಯನವರ ಮುಂದಾಳತ್ವದಲ್ಲಿ 1913ರಲ್ಲಿ ಮೈಸೂರು ಬ್ಯಾಂಕ್ ಹುಟ್ಟಿತು, ಮೂರು ವರ್ಷದ ಬಳಿಕ ಮೈಸೂರು ವಿಶ್ವವಿದ್ಯಾಲಯ. ಊರಿನ ಹುಡುಗರು ಊರಿನ ಬ್ಯಾಂಕಿಗೆ ಗುಮಾಸ್ತರಾಗಿ ಸೇರಿ, ಅಲ್ಲೇ ಕೆಲಸ ಕಲಿತು, ಇಲಾಖಾ ಪರೀಕ್ಷೆ ಬರೆದು ಮ್ಯಾನೇಜರರಾಗುವ ದಾರಿ ಎರಡು ತಲೆಮಾರಿಗೆ ಅನ್ನ ಕೊಟ್ಟಿತು.

ಆ ದಾರಿ ಈಗ ಹಾಗೆಯೇ ಉಳಿದಿಲ್ಲ. ಕೆನರಾ ಮತ್ತು ಸಿಂಡಿಕೇಟ್ 1969ರಲ್ಲಿ, ಕಾರ್ಪೊರೇಷನ್ ಮತ್ತು ವಿಜಯಾ 1980ರಲ್ಲಿ ರಾಷ್ಟ್ರೀಕರಣಗೊಂಡವು. ಮೈಸೂರು ಬ್ಯಾಂಕ್ 2017ರಲ್ಲಿ ಸ್ಟೇಟ್ ಬ್ಯಾಂಕಿನೊಳಗೂ, ವಿಜಯಾ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದೊಳಗೂ, 2020ರಲ್ಲಿ ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನೊಳಗೂ, ಸಿಂಡಿಕೇಟ್ ಕೆನರಾದೊಳಗೂ ಸೇರಿಹೋದವು. ನೇಮಕಾತಿ ಅಖಿಲ ಭಾರತ ಮಟ್ಟದ ಪರೀಕ್ಷೆಯಾಯಿತು. ‘ಬಿ.ಕಾಂ. ಮಾಡಿದರೆ ಬ್ಯಾಂಕ್ ಕೆಲಸ’ ಎಂಬ ಮಾತು ಮಾತ್ರ ಹಿರಿಯರ ಬಾಯಲ್ಲಿ ಇನ್ನೂ ಉಳಿದಿದೆ.

ಪಿಯುಸಿಯ ಕವಲು

ಪದವಿಯ ಆಯ್ಕೆ ಪದವಿಯಲ್ಲಿ ಆಗುವುದಿಲ್ಲ, ಎರಡು ವರ್ಷ ಮೊದಲೇ ಆಗಿರುತ್ತದೆ. ಕರ್ನಾಟಕದ ಪಿಯು ವಾಣಿಜ್ಯ ವಿಭಾಗದಲ್ಲಿ ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ ಎಂಬ ಮೂರು ವಿಷಯಗಳ ಜೊತೆ ನಾಲ್ಕನೆಯದಾಗಿ ಇತಿಹಾಸ ತೆಗೆದುಕೊಂಡರೆ ಎಚ್‌ಇಬಿಎ, ಸಂಖ್ಯಾಶಾಸ್ತ್ರವಾದರೆ ಎಸ್‌ಇಬಿಎ, ಗಣಕವಿಜ್ಞಾನವಾದರೆ ಸಿಇಬಿಎ. ಹತ್ತಿರದ ಕಾಲೇಜಿನಲ್ಲಿ ಯಾವುದಿದೆಯೋ ಅದನ್ನು ತೆಗೆದುಕೊಳ್ಳುವುದು ರೂಢಿ. ಸಣ್ಣ ಊರುಗಳಲ್ಲಿ ಇರುವುದು ಇತಿಹಾಸದ ಗುಂಪೊಂದೇ. ಗಣಿತ ತಪ್ಪಿತಲ್ಲಾ ಎಂದು ನಿಟ್ಟುಸಿರು ಬಿಟ್ಟು ಈ ಗುಂಪಿಗೆ ಬರುವವರೇ ಹೆಚ್ಚು.

ಬೆಲೆ ತೆರಬೇಕಾಗುವುದು ಅಲ್ಲಿಯೇ. ದೆಹಲಿ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ಆನರ್ಸ್ ಪದವಿಗೆ ಹನ್ನೆರಡನೆಯ ತರಗತಿಯಲ್ಲಿ ಗಣಿತ ಓದಿರಬೇಕು. ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಬಾಗಿಲು ಗಣಿತವಿಲ್ಲದವರಿಗೆ ತೆರೆಯುವುದಿಲ್ಲ. ಆಕ್ಚುಯರಿ ಪರೀಕ್ಷೆಗಳು, ಷೇರುಪೇಟೆಯ ಗಣಿತ ಮಾದರಿಗಳ ಕೆಲಸ, ವಿದೇಶದ ಒಳ್ಳೆಯ ಹಣಕಾಸು ಸ್ನಾತಕೋತ್ತರ ಪದವಿಗಳು ಎಲ್ಲವೂ ಕಲನಶಾಸ್ತ್ರ ಮತ್ತು ಸಂಭವನೀಯತೆಯನ್ನು ಬೇಡುತ್ತವೆ. ಸಿಎಗೆ ಪಿಯುಸಿಯಲ್ಲಿ ಗಣಿತ ಓದಿರಬೇಕೆಂಬ ನಿಯಮವಿಲ್ಲ. ಆದರೆ ಅದರ ಫೌಂಡೇಷನ್ ಹಂತದ ಮೂರನೆಯ ಪತ್ರಿಕೆಯಲ್ಲಿ ವ್ಯವಹಾರ ಗಣಿತ, ತರ್ಕ, ಸಂಖ್ಯಾಶಾಸ್ತ್ರ ಇವೆ. ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುತ್ತಾರೆ. ಹಣಕಾಸಿಗೆ ಕೂಡು ಕಳೆ ಸಾಕು ಎಂಬ ನಂಬಿಕೆ ಲೆಕ್ಕಪತ್ರದ ಮಟ್ಟಿಗೆ ನಿಜ, ಹೂಡಿಕೆ ಮತ್ತು ವಿಮೆಯ ಮಟ್ಟಿಗೆ ಸುಳ್ಳು. ಮೂಲ ಗಣಿತವನ್ನೋ ಸಂಖ್ಯಾಶಾಸ್ತ್ರವನ್ನೋ ಕಲಿಸುವ ಪಿಯು ಕಾಲೇಜು ಎರಡು ಬಸ್ ಬದಲಿಸುವಷ್ಟು ದೂರದಲ್ಲಿದ್ದರೂ ಅಲ್ಲಿಗೆ ಹೋಗುವುದು ಲಾಭದ ಮಾತು.

ಪದವಿಗಳು

ಬಿ.ಕಾಂ. ಇವುಗಳಲ್ಲಿ ಹಿರಿಯದು, ಅಗ್ಗದ್ದು, ಎಲ್ಲೆಡೆ ಸಿಗುವಂಥದ್ದು. ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಿಂದ ಬೆಂಗಳೂರಿನ ರೇಸ್‌ಕೋರ್ಸ್ ರಸ್ತೆಯ ಸರ್ಕಾರಿ ಆರ್.ಸಿ. ಕಾಲೇಜಿನವರೆಗೆ ಇದೇ ಪದವಿ. ಹೆಸರಿನಲ್ಲಿ ವಾಣಿಜ್ಯವಿದ್ದರೂ ಇದರ ಬೆನ್ನೆಲುಬು ಲೆಕ್ಕಪತ್ರ: ಹಣಕಾಸು ಲೆಕ್ಕ, ವೆಚ್ಚ ಲೆಕ್ಕ, ಕಂಪನಿ ಲೆಕ್ಕ, ಆದಾಯ ತೆರಿಗೆ, ಜಿಎಸ್‌ಟಿ, ಲೆಕ್ಕಪರಿಶೋಧನೆ, ವ್ಯವಹಾರ ಕಾನೂನು. ಷೇರಿನ ಬೆಲೆ ಕಟ್ಟುವುದು, ಬಾಂಡ್, ನಷ್ಟಭಯದ ಅಳತೆ ಮುಂತಾದ ಅಪ್ಪಟ ಹಣಕಾಸು ವಿಷಯಗಳು ಒಂದೆರಡು ಪತ್ರಿಕೆಗಳಲ್ಲಿ ಮುಗಿಯುತ್ತವೆ. ಪರೀಕ್ಷೆ ಬಹುಪಾಲು ಪದ್ಧತಿಯನ್ನು ನೆನಪಿಟ್ಟು ಒಪ್ಪಿಸುವುದನ್ನೇ ಕೇಳುತ್ತದೆ. ಬಿ.ಕಾಂ. ಮುಗಿಸಿದ ಹುಡುಗಿ ಅಂಗಡಿಯೊಂದರ ಲೆಕ್ಕ ಬರೆಯಲು ಕೂತಾಗ ಅವಳ ಕೈ ಹಿಡಿಯುವುದು ಕಾಲೇಜಿನ ಟಿಪ್ಪಣಿಗಿಂತ ಮೂರು ತಿಂಗಳು ಸಂಜೆ ಕಲಿತ ಟ್ಯಾಲಿ. 1986ರಲ್ಲಿ ಆರಂಭವಾಗಿ ಬೆಂಗಳೂರಿನಲ್ಲೇ ನೆಲೆ ನಿಂತ ಆ ಸಾಫ್ಟ್‌ವೇರ್ ನಾಡಿನ ಬಿ.ಕಾಂ. ಪದವಿಗೆ ಸೇರದ, ಆದರೆ ಪದವೀಧರರೆಲ್ಲ ಕಲಿಯುವ ಪಠ್ಯವಾಗಿಬಿಟ್ಟಿದೆ.

ಆದರೂ ಬಿ.ಕಾಂ. ಅನ್ನು ಕಡೆಗಣಿಸುವಂತಿಲ್ಲ. ಅದರ ದೊಡ್ಡ ಗುಣ ಅದು ಕೊಡುವ ಬಿಡುವು. ಹಲವು ಕಾಲೇಜುಗಳಲ್ಲಿ ಬೆಳಗಿನ ಪಾಠ ಮಧ್ಯಾಹ್ನದೊಳಗೆ ಮುಗಿಯುತ್ತದೆ, ಕೆಲವೆಡೆ ಸಂಜೆ ಕಾಲೇಜೂ ಉಂಟು. ಉಳಿದ ಹೊತ್ತಿನಲ್ಲಿ ಸಿಎ ಓದುವವರಿದ್ದಾರೆ, ಅಂಗಡಿ ನೋಡುವವರಿದ್ದಾರೆ, ಬ್ಯಾಂಕ್ ಪರೀಕ್ಷೆಗೆ ತಯಾರಾಗುವವರಿದ್ದಾರೆ. ಬಿ.ಕಾಂ. ಅನ್ನು ಒಂಟಿಯಾಗಿ ಓದಿದವನಿಗೆ ಅದು ದುರ್ಬಲ ಪದವಿ, ಇನ್ನೊಂದಕ್ಕೆ ಜೋಡಿ ಮಾಡಿಕೊಂಡವನಿಗೆ ಗಟ್ಟಿ ಪದವಿ.

ಬಿಬಿಎ ಆಡಳಿತ, ಮಾರುಕಟ್ಟೆ, ಮಾನವ ಸಂಪನ್ಮೂಲ, ಹಣಕಾಸು ಎಲ್ಲವನ್ನೂ ಸ್ವಲ್ಪಸ್ವಲ್ಪ ಮುಟ್ಟುತ್ತದೆ. ಶುಲ್ಕ ಸಾಮಾನ್ಯವಾಗಿ ಹೆಚ್ಚು. 2024-25ರಿಂದ ಇದು ಎಐಸಿಟಿಇ ಹಿಡಿತಕ್ಕೆ ಬಂದಿದೆ. ಮುಂದೆ ಎಂಬಿಎ ಮಾಡುವುದೇ ಗುರಿಯಾದರೆ ಅಲ್ಲಿ ಇದೇ ವಿಷಯಗಳು ಮರಳಿ ಬರುತ್ತವೆ ಎಂಬುದನ್ನು ಪ್ರವೇಶದ ವೇಳೆ ಯಾರೂ ಹೇಳುವುದಿಲ್ಲ. ‘ಬಿಬಿಎ ಫಿನಾನ್ಸ್’, ‘ಬಿ.ಕಾಂ. ಅಂತರರಾಷ್ಟ್ರೀಯ ಹಣಕಾಸು’ ಮೊದಲಾದ ಹೊಸ ಹೆಸರುಗಳ ಹಿಂದೆ ಏನಿದೆ ಎಂದು ತಿಳಿಯಲು ಐದನೆಯ ಮತ್ತು ಆರನೆಯ ಸೆಮಿಸ್ಟರಿನ ಪಠ್ಯಪಟ್ಟಿ ತರಿಸಿ ನೋಡಬೇಕು. ಮೊದಲ ಎರಡು ಸೆಮಿಸ್ಟರ್ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ.

ಅರ್ಥಶಾಸ್ತ್ರ ಇವೆರಡಕ್ಕಿಂತ ಬೇರೆ ಜಾತಿಯ ವಿದ್ಯೆ. ಅದು ಲೆಕ್ಕ ಇಡುವುದನ್ನು ಕಲಿಸುವುದಿಲ್ಲ. ಬಡ್ಡಿ ಏರಿದರೆ ಏನಾಗುತ್ತದೆ, ತೆರಿಗೆ ಇಳಿದರೆ ಯಾರಿಗೆ ಲಾಭ ಎಂದು ಕೇಳುವುದನ್ನು ಕಲಿಸುತ್ತದೆ. ಕನ್ನಡ ನಾಡಿನ ಕಲಾ ಕಾಲೇಜುಗಳಲ್ಲಿ ಅದು ಬಹುಕಾಲ ಬಿ.ಎ.ಯ ಮೂರು ಐಚ್ಛಿಕಗಳಲ್ಲಿ ಒಂದಾಗಿ, ಗಣಿತದ ಸೋಂಕಿಲ್ಲದೆ ಉಳಿಯಿತು. ಉದ್ಯೋಗ ಮಾರುಕಟ್ಟೆ ಕೇಳುವ ಅರ್ಥಶಾಸ್ತ್ರ ಅದಲ್ಲ, ಸಂಖ್ಯಾಶಾಸ್ತ್ರ ಮತ್ತು ದತ್ತಾಂಶ ವಿಶ್ಲೇಷಣೆ ಬೆರೆತದ್ದು. 1949ರಲ್ಲಿ ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಕಟ್ಟಿದ ವಿ.ಕೆ.ಆರ್.ವಿ. ರಾವ್ ಅವರೇ 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯನ್ನು, ಜನರ ಬಾಯಲ್ಲಿ ಐಸೆಕ್, ಸ್ಥಾಪಿಸಿದರು. ಅದು ಸಂಶೋಧನೆಯ ನೆಲೆ. ಲಂಡನ್ನಿನ ಮಾದರಿ ಮುಂದಿಟ್ಟುಕೊಂಡು 2017ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಡಾ. ಬಿ.ಆರ್. ಅಂಬೇಡ್ಕರ್ ಸ್ಕೂಲ್ ಆಫ್ ಎಕನಾಮಿಕ್ಸ್ ಪದವಿ ಹಂತದಿಂದಲೇ ಈ ವಿದ್ಯೆಯನ್ನು ಕಲಿಸುತ್ತದೆ.

ಅವಧಿಯ ವಿಷಯದಲ್ಲಿ ಕರ್ನಾಟಕದ ವಿದ್ಯಾರ್ಥಿಗಳು ಈಚೆಗೆ ಸಾಕಷ್ಟು ಗಲಿಬಿಲಿ ಕಂಡಿದ್ದಾರೆ. ಹೊಸ ರಾಷ್ಟ್ರೀಯ ಶಿಕ್ಷಣ ನೀತಿಯಂತೆ 2021-22ರಲ್ಲಿ ನಾಲ್ಕು ವರ್ಷದ ಆನರ್ಸ್ ಪದವಿ ಬಂತು. 2024-25ರಿಂದ ರಾಜ್ಯ ಮತ್ತೆ ಮೂರು ವರ್ಷಕ್ಕೆ ಮರಳಿತು. ವಿದೇಶದಲ್ಲಿ ಸ್ನಾತಕೋತ್ತರ ಓದಬೇಕೆಂದಿರುವವರು ತಾವು ಬಯಸಿದ ವಿಶ್ವವಿದ್ಯಾಲಯ ಮೂರು ವರ್ಷದ ಪದವಿಯನ್ನು ಒಪ್ಪುತ್ತದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳುವುದು ಒಳಿತು. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ತೊಂದರೆಯಿಲ್ಲ, ಅಮೆರಿಕದಲ್ಲಿ ಒಂದೊಂದು ಕಡೆ ಒಂದೊಂದು ನಿಯಮ.

ಸಹಿಯ ಹಕ್ಕು

1949ರ ಕಾಯ್ದೆಯಂತೆ ಅದೇ ವರ್ಷ ಜುಲೈ 1ರಂದು ಭಾರತೀಯ ಸನ್ನದು ಲೆಕ್ಕಪರಿಶೋಧಕರ ಸಂಸ್ಥೆ ಹುಟ್ಟಿತು. ಐಸಿಎಐ ಎಂಬುದು ಬಳಕೆಯ ಹೆಸರು. ಕಂಪನಿಗಳ ಲೆಕ್ಕವನ್ನು ಪರಿಶೋಧಿಸಿ ವರದಿಗೆ ಸಹಿ ಹಾಕುವ ಹಕ್ಕನ್ನು ಕಾನೂನು ಈ ಸಂಸ್ಥೆಯ ಸದಸ್ಯರಿಗೆ ಮಾತ್ರ ಕೊಟ್ಟಿದೆ. ಎಂ.ಕಾಂ.ನಲ್ಲಿ ಚಿನ್ನದ ಪದಕ ಪಡೆದವರಿಗೂ ಆ ಹಕ್ಕಿಲ್ಲ. ಸಿಎ ಎಂಬ ಎರಡಕ್ಷರದ ಬೆಲೆ ಇರುವುದು ಇಲ್ಲಿ.

ಪಿಯುಸಿ ಮುಗಿದ ಮೇಲೆ ಫೌಂಡೇಷನ್, ಇಂಟರ್‌ಮೀಡಿಯೇಟ್, ಫೈನಲ್ ಎಂಬ ಮೂರು ಹಂತ. ಶೇ 55 ಅಂಕ ಪಡೆದ ವಾಣಿಜ್ಯ ಪದವೀಧರರೂ ಶೇ 60 ಪಡೆದ ಇತರ ಪದವೀಧರರೂ ಫೌಂಡೇಷನ್ ಬರೆಯದೆ ನೇರ ಇಂಟರ್‌ಗೆ ಹೋಗಬಹುದು. ಪ್ರತಿ ಪತ್ರಿಕೆಯಲ್ಲಿ ಶೇ 40, ಒಟ್ಟಿನಲ್ಲಿ ಶೇ 50 ಬಂದರೆ ಪಾಸು. ಕೇಳಲು ಸುಲಭ, ಆದರೆ ಫೈನಲ್‌ನ ಎರಡೂ ಗುಂಪನ್ನು ಒಟ್ಟಿಗೆ ಬರೆದವರಲ್ಲಿ ಪಾಸಾಗುವವರು ಸಾಮಾನ್ಯವಾಗಿ ಹತ್ತಕ್ಕೆ ಒಬ್ಬರೋ ಇಬ್ಬರೋ. ಶುಲ್ಕ ಎಂಜಿನಿಯರಿಂಗ್, ಎಂಬಿಎಗಳ ಮುಂದೆ ತೀರ ಕಡಿಮೆ. ಹಣವಿಲ್ಲದ ಮನೆಯ ಜಾಣರಿಗೆ ಈ ದೇಶ ಕೊಟ್ಟಿರುವ ನ್ಯಾಯವಾದ ದಾರಿಗಳಲ್ಲಿ ಇದು ಒಂದು. ಇಲ್ಲಿ ತೆರಬೇಕಾದದ್ದು ವರ್ಷಗಳನ್ನು.

ಆರ್ಟಿಕಲ್‌ಶಿಪ್ ಇದರ ಜೀವಾಳ. ಮೊದಲು ಮೂರು ವರ್ಷವಿದ್ದ ಈ ತರಬೇತಿ 2023ರ ಜುಲೈನಿಂದ ಎರಡು ವರ್ಷಕ್ಕೆ ಇಳಿಯಿತು. ಸಿಎ ಕಚೇರಿಗೆ ಸೇರಿದ ಹುಡುಗ ಮಾರ್ಚ್ 31ರಂದು ಯಾವುದೋ ಗೋದಾಮಿನಲ್ಲಿ ಮೂಟೆ ಎಣಿಸುತ್ತಾನೆ. ಏಪ್ರಿಲ್‌ನಲ್ಲಿ ಬ್ಯಾಂಕ್ ಶಾಖೆಗಳ ಆಡಿಟ್. ಹೆಸರು ಕೇಳದ ಊರಿನ ಲಾಡ್ಜಿನಲ್ಲಿ ವಾಸ, ಸಾಲದ ಕಡತಗಳ ರಾಶಿ. ತಿಂಗಳ 20 ಬಂತೆಂದರೆ ಜಿಎಸ್‌ಟಿ ರಿಟರ್ನ್, ಸೆಪ್ಟೆಂಬರ್ ಬಂತೆಂದರೆ ತೆರಿಗೆ ಆಡಿಟ್. ವೋಚರ್ ಹಿಂದಿನ ಸುಳ್ಳನ್ನು ಹಿಡಿಯುವುದು, ಗ್ರಾಹಕನ ಮುನಿಮನ ಜೊತೆ ಚಹಾ ಕುಡಿಯುತ್ತಲೇ ಬೇಕಾದ ಕಾಗದ ಹೊರಗೆ ತೆಗೆಸುವುದು ಯಾವ ತರಗತಿಯಲ್ಲೂ ಬರುವುದಿಲ್ಲ. ಸಿಗುವ ಸ್ಟೈಪೆಂಡ್ ಬಸ್ಸಿಗೂ ಊಟಕ್ಕೂ ಸರಿಹೋಗುತ್ತದೆ. ಕೆಲಸ ಕಲಿಸದೆ ಫೋಟೊಕಾಪಿ ಮಾಡಿಸುವ ಕಚೇರಿಗಳೂ ಇವೆ. ಸೇರುವ ಮೊದಲು ಅಲ್ಲಿ ಈಗಿರುವ ಆರ್ಟಿಕಲ್ ಹುಡುಗರನ್ನು ಹೊರಗಡೆ ಮಾತಾಡಿಸಿ ನೋಡುವುದು ಜಾಣತನ.

ಒಂದು ಎಚ್ಚರಿಕೆ. ಸಿಎ ಓದಲು ಪದವಿ ಬೇಕಿಲ್ಲವೆಂದು ಕಾಲೇಜನ್ನೇ ಬಿಟ್ಟವರು ನಡುದಾರಿಯಲ್ಲಿ ಸಿಎ ಕೈಬಿಟ್ಟರೆ ಕಾಗದದ ಮೇಲೆ ಪಿಯುಸಿ ಪಾಸಾದವರಾಗಿ ಉಳಿಯುತ್ತಾರೆ. ಬ್ಯಾಂಕ್ ಪರೀಕ್ಷೆಗೂ ಪದವಿ ಬೇಕು, ಎಂಬಿಎಗೂ ಬೇಕು. ಆದ್ದರಿಂದ ಜೊತೆಯಲ್ಲಿ ಬಿ.ಕಾಂ. ನಡೆಸಿಕೊಂಡು ಹೋಗಲೇಬೇಕು, ದೂರಶಿಕ್ಷಣದಲ್ಲಾದರೂ ಸರಿ. ಇನ್ನು ಸಿಎ ಪಾಸಾದವರಿಗೆ ಪದವಿಯ ಕೊರತೆ ಅಷ್ಟಾಗಿ ಕಾಡದು: 2021ರಲ್ಲಿ ಯುಜಿಸಿ ಸಿಎ, ಸಿಎಸ್ ಮತ್ತು ವೆಚ್ಚ ಲೆಕ್ಕಿಗ ಅರ್ಹತೆಗಳನ್ನು ಸ್ನಾತಕೋತ್ತರ ಪದವಿಗೆ ಸಮಾನವೆಂದು ಒಪ್ಪಿತು.

ವೆಚ್ಚ ಲೆಕ್ಕಿಗರ ಸಂಸ್ಥೆ 1959ರ ಕಾಯ್ದೆಯದು. ಹಿಂದೆ ಐಸಿಡಬ್ಲ್ಯುಎ ಎಂದಿದ್ದ ಅರ್ಹತೆ ಇಂದು ಸಿಎಂಎ. ಒಂದು ವಸ್ತುವನ್ನು ತಯಾರಿಸಲು ನಿಜವಾಗಿ ಎಷ್ಟು ಖರ್ಚಾಯಿತು ಎಂದು ಹೇಳುವ ವಿದ್ಯೆ ಇದು. ಸಕ್ಕರೆ, ಸಿಮೆಂಟ್, ಔಷಧಿ ಮುಂತಾದ ಉದ್ಯಮಗಳಲ್ಲಿ ನಿಗದಿತ ವಹಿವಾಟು ಮೀರಿದ ಕಂಪನಿಗಳಿಗೆ ವೆಚ್ಚ ಆಡಿಟ್ ಕಡ್ಡಾಯವಾದ್ದರಿಂದ ಬೆಳಗಾವಿ, ಬಾಗಲಕೋಟೆಯ ಸಕ್ಕರೆ ಕಾರ್ಖಾನೆಗಳಿಗೂ ಕಲಬುರಗಿಯ ಸಿಮೆಂಟಿಗೂ ಇವರು ಬೇಕು. ಸಿಎಗೆ ಇರುವ ಹೆಸರು ಇದಕ್ಕಿಲ್ಲ, ಕಾರ್ಖಾನೆಯೊಳಗೆ ಬೆಲೆ ಇದೆ. 1980ರ ಕಾಯ್ದೆಯ ಕಂಪನಿ ಸೆಕ್ರೆಟರಿ, ಅಂದರೆ ಸಿಎಸ್, ಲೆಕ್ಕಕ್ಕಿಂತ ಕಾನೂನಿಗೆ ಹತ್ತಿರ. ಷೇರುಪೇಟೆಯಲ್ಲಿ ನೋಂದಾಯಿತ ಕಂಪನಿಗಳೂ 10 ಕೋಟಿ ರೂಪಾಯಿ ಪಾವತಿತ ಬಂಡವಾಳವಿರುವ ಕಂಪನಿಗಳೂ ಪೂರ್ಣಾವಧಿ ಸೆಕ್ರೆಟರಿ ಇಟ್ಟುಕೊಳ್ಳಲೇಬೇಕು.

ಆಕ್ಚುಯರಿ ಅಪರೂಪದ ಪಕ್ಷಿ. ಎಷ್ಟು ಜನ ಯಾವ ವಯಸ್ಸಿಗೆ ತೀರಿಕೊಳ್ಳಬಹುದು, ಎಷ್ಟು ಕಾರು ಅಪಘಾತಕ್ಕೆ ಸಿಲುಕಬಹುದು ಎಂದು ಅಂದಾಜಿಸಿ ವಿಮೆಯ ಕಂತು ನಿಗದಿ ಮಾಡುವವರು ಇವರು. ಪ್ರತಿ ವಿಮಾ ಕಂಪನಿಯೂ ನೇಮಿತ ಆಕ್ಚುಯರಿಯೊಬ್ಬರನ್ನು ಹೊಂದಿರಬೇಕು. ಪ್ರವೇಶ ಪರೀಕ್ಷೆಯ ನಂತರ ಫೆಲೋ ಆಗಲು 13 ಪತ್ರಿಕೆ ದಾಟಬೇಕು. ಕೆಲಸ ಮಾಡುತ್ತಲೇ ಹತ್ತು ವರ್ಷ ತೆಗೆದುಕೊಂಡವರುಂಟು. ದೇಶದಲ್ಲಿ ಫೆಲೋಗಳ ಸಂಖ್ಯೆ ಕೆಲವು ನೂರುಗಳಲ್ಲಿದೆ. ಸಂಖ್ಯಾಶಾಸ್ತ್ರದಲ್ಲಿ ಬಿ.ಎಸ್‌ಸಿ. ಮಾಡಿ ಮುಂದೇನು ಎಂದು ಕೇಳುವವರಿಗೆ ಈ ದಾರಿಯನ್ನು ತೋರಿಸುವ ಅಧ್ಯಾಪಕರು ನಮ್ಮಲ್ಲಿ ಕಡಿಮೆ.

ಕಾನೂನು ಕೊಟ್ಟ ಕೆಲಸವನ್ನು ಕಾನೂನೇ ಕಿತ್ತುಕೊಳ್ಳುವುದೂ ಉಂಟು. 2017ರಲ್ಲಿ ಜಿಎಸ್‌ಟಿ ಬಂದಾಗ ದೊಡ್ಡ ವ್ಯಾಪಾರಿಗಳ ಲೆಕ್ಕವನ್ನು ಸಿಎ ಅಥವಾ ಸಿಎಂಎ ಪ್ರಮಾಣೀಕರಿಸಬೇಕೆಂಬ ನಿಯಮವಿತ್ತು. 2021ರಲ್ಲಿ ಸರ್ಕಾರ ಅದನ್ನು ತೆಗೆದು, ವ್ಯಾಪಾರಿಯೇ ದೃಢೀಕರಿಸಿದರೆ ಸಾಕೆಂದಿತು. ಅದನ್ನೇ ನಂಬಿ ಕಚೇರಿ ವಿಸ್ತರಿಸಿದವರು ಕೈ ಸುಟ್ಟುಕೊಂಡರು. ಇನ್ನೊಂದು ಕಡೆ, 2016ರ ದಿವಾಳಿ ಸಂಹಿತೆ ದಿವಾಳಿ ಪ್ರಕ್ರಿಯೆ ನಡೆಸುವ ವೃತ್ತಿಯನ್ನೇ ಹೊಸದಾಗಿ ಸೃಷ್ಟಿಸಿತು.

ವಿದೇಶಿ ಅರ್ಹತೆಗಳು

ಬೆಂಗಳೂರಿನ ಕಾಲೇಜುಗಳ ಜಾಹೀರಾತಿನಲ್ಲಿ ಈಗ ‘ಬಿ.ಕಾಂ. ಜೊತೆಗೆ ಎಸಿಸಿಎ’, ‘ಬಿ.ಕಾಂ. ಜೊತೆಗೆ ಸಿಎಂಎ’ ಸಾಮಾನ್ಯ. ಎಸಿಸಿಎ 1904ರಲ್ಲಿ ಹುಟ್ಟಿದ ಬ್ರಿಟಿಷ್ ಸಂಸ್ಥೆ. 13 ಪತ್ರಿಕೆಗಳು, ಮಾನ್ಯ ಪದವಿ ಇದ್ದವರಿಗೆ ಗರಿಷ್ಠ 9ರವರೆಗೆ ವಿನಾಯಿತಿ, ಮೇಲೆ ಮೂರು ವರ್ಷದ ಅನುಭವ. ಹಲವು ದೇಶಗಳಲ್ಲಿ ಬೆಲೆ ಇದೆ, ಬೆಂಗಳೂರಿನ ಬಹುರಾಷ್ಟ್ರೀಯ ಕಚೇರಿಗಳಲ್ಲೂ ಇದೆ. ಭಾರತದ ಕಂಪನಿಯ ಆಡಿಟ್ ವರದಿಗೆ ಸಹಿ ಹಾಕುವ ಹಕ್ಕು ಇದರಿಂದ ಬರುವುದಿಲ್ಲ. ಜಾಹೀರಾತಿನ ಸಿಎಂಎ ಹೆಚ್ಚಾಗಿ ಅಮೆರಿಕದ್ದು, ಎರಡೇ ಪತ್ರಿಕೆಗಳದ್ದು. ಭಾರತದ ಸಿಎಂಎಗೂ ಅದಕ್ಕೂ ಹೆಸರಿನ ಹೊರತು ಸಂಬಂಧವಿಲ್ಲ. ಈ ಎರಡನ್ನು ಒಂದೇ ಎಂದು ತಿಳಿದು ಶುಲ್ಕ ಕಟ್ಟಿದ ಪೋಷಕರು ಬೇಕಾದಷ್ಟು ಜನರಿದ್ದಾರೆ.

ಸಿಎಫ್ಎ ಅಮೆರಿಕದ ವರ್ಜೀನಿಯಾದ ಷಾರ್ಲಟ್ಸ್‌ವಿಲ್ ಊರಿನಲ್ಲಿ ನೆಲೆಯಾದ ಸಂಸ್ಥೆಯದು. ಮೊದಲ ಪರೀಕ್ಷೆ ನಡೆದದ್ದು 1963ರಲ್ಲಿ. ಮೂರು ಹಂತ, ಜೊತೆಗೆ 4,000 ಗಂಟೆಗಳ ಸಂಬಂಧಿತ ಕೆಲಸ. ಷೇರು, ಬಾಂಡ್, ಬಂಡವಾಳ ನಿರ್ವಹಣೆ ಮತ್ತು ವೃತ್ತಿನೀತಿಯನ್ನು ಇಷ್ಟು ಆಳವಾಗಿ ಕಲಿಸುವ ಇನ್ನೊಂದು ಪಠ್ಯ ಸುಲಭಕ್ಕೆ ಸಿಗದು. ಶುಲ್ಕ ಡಾಲರಿನಲ್ಲಿ. ಮ್ಯೂಚುವಲ್ ಫಂಡ್, ಷೇರು ಸಂಶೋಧನೆಯ ಕೆಲಸಗಳಿಗೆ ಇದು ಎಂಬಿಎಗಿಂತ ಅಗ್ಗದ ಮತ್ತು ಹಲವರ ಮಟ್ಟಿಗೆ ಮೇಲಾದ ದಾರಿ. ಆದರೆ ಯಾವ ಕೆಲಸವನ್ನೂ ಕಾನೂನು ಇದಕ್ಕೆಂದು ಮೀಸಲಿಟ್ಟಿಲ್ಲ. ಮ್ಯೂಚುವಲ್ ಫಂಡ್ ಮಾರಲು ಬೇಕಾದದ್ದು ಸೆಬಿ ಸ್ಥಾಪಿಸಿದ ಎನ್‌ಐಎಸ್‌ಎಂನ ಒಂದು ಸಣ್ಣ ಪರೀಕ್ಷೆ.

ಬ್ಯಾಂಕ್, ಸರ್ಕಾರ, ಸಹಕಾರ

ಬ್ಯಾಂಕ್ ಅಧಿಕಾರಿಯಾಗಲು ಹಣಕಾಸಿನ ಪದವಿ ಬೇಕಿಲ್ಲ. 2011ರಿಂದ ಸರ್ಕಾರಿ ಬ್ಯಾಂಕುಗಳಿಗೆ ಸಾಮಾನ್ಯ ಪರೀಕ್ಷೆ ನಡೆಸುತ್ತಿರುವ ಐಬಿಪಿಎಸ್ ಯಾವುದೇ ಪದವಿಯನ್ನು ಒಪ್ಪುತ್ತದೆ. ಪ್ರೊಬೇಷನರಿ ಅಧಿಕಾರಿ ಹುದ್ದೆಗೆ ವಯೋಮಿತಿ 20ರಿಂದ 30. ಕೇಳುವುದು ವೇಗದ ಲೆಕ್ಕ, ತರ್ಕ, ಇಂಗ್ಲಿಷ್, ಪ್ರಚಲಿತ ವಿಷಯ. ಹಾಗಾಗಿ ಆಯ್ಕೆಪಟ್ಟಿಯಲ್ಲಿ ಎಂಜಿನಿಯರುಗಳು ಎದ್ದುಕಾಣುತ್ತಾರೆ. ಬಿ.ಕಾಂ. ಓದಿದವರಿಗೆ ಇದು ಅನ್ಯಾಯವೆನಿಸಬಹುದು; ಕೆಲಸಕ್ಕೆ ಸೇರಿದ ಮೇಲಿನ ಜೆಎಐಐಬಿ, ಸಿಎಐಐಬಿ ಪರೀಕ್ಷೆಗಳಲ್ಲಿ ಅವರ ಓದು ಉಪಯೋಗಕ್ಕೆ ಬರುತ್ತದೆ. 2024ರ ವೇತನ ಒಪ್ಪಂದದಂತೆ ಮೊದಲ ಶ್ರೇಣಿಯ ಅಧಿಕಾರಿಯ ಆರಂಭದ ಮೂಲ ವೇತನ ₹48,480. ಗುಮಾಸ್ತ ಹುದ್ದೆಯ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಲು ಈಗ ಅವಕಾಶವಿದೆ. ರಿಸರ್ವ್ ಬ್ಯಾಂಕಿನ ಗ್ರೇಡ್ ಬಿ ಸಾಮಾನ್ಯ ಹುದ್ದೆಗೂ ಯಾವುದೇ ಪದವಿ ನಡೆಯುತ್ತದೆ, ಅಂಕ ಮಾತ್ರ ಶೇ 60 ಇರಬೇಕು. ಅದರ ಸಂಶೋಧನಾ ವಿಭಾಗಗಳಿಗೆ ಅರ್ಥಶಾಸ್ತ್ರ ಅಥವಾ ಸಂಖ್ಯಾಶಾಸ್ತ್ರದ ಸ್ನಾತಕೋತ್ತರವೇ ಬೇಕು.

ಮೇಲಿನ ಕುರ್ಚಿಗಳನ್ನು ನೋಡಿದರೂ ಇದೇ ಕತೆ. 2018ರಿಂದ 2024ರವರೆಗೆ ರಿಸರ್ವ್ ಬ್ಯಾಂಕ್ ಗವರ್ನರ್ ಆಗಿದ್ದ ಶಕ್ತಿಕಾಂತ ದಾಸ್ ಇತಿಹಾಸದ ಎಂ.ಎ.; ನಂತರ ಬಂದ ಸಂಜಯ್ ಮಲ್ಹೋತ್ರಾ ಕಾನ್ಪುರ ಐಐಟಿಯ ಕಂಪ್ಯೂಟರ್ ಸೈನ್ಸ್ ಪದವೀಧರರು. ಐಸಿಐಸಿಐಯನ್ನು ದೊಡ್ಡ ಬ್ಯಾಂಕಾಗಿ ಬೆಳೆಸಿದ, ಮುಂದೆ ಬ್ರಿಕ್ಸ್ ದೇಶಗಳ ಬ್ಯಾಂಕಿಗೆ ಮೊದಲ ಅಧ್ಯಕ್ಷರಾದ ಕೆ.ವಿ. ಕಾಮತ್ ಸುರತ್ಕಲ್‌ನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ ಅಹಮದಾಬಾದಿನ ಐಐಎಂಗೆ ಹೋದವರು. ಇನ್ಫೊಸಿಸ್‌ನ ಹಣಕಾಸು ಹೊಣೆ ಹೊತ್ತಿದ್ದ ಟಿ.ವಿ. ಮೋಹನದಾಸ್ ಪೈ ಮಾತ್ರ ಬಿ.ಕಾಂ., ಎಲ್‌ಎಲ್‌ಬಿ, ಸಿಎ ಎಂಬ ಹಳೆಯ ದಾರಿಯಲ್ಲೇ ಬಂದವರು.

ರಾಜ್ಯದಲ್ಲಿ ಲೆಕ್ಕಪರಿಶೋಧನೆ ಮತ್ತು ಲೆಕ್ಕಪತ್ರ ಇಲಾಖೆ, ವಾಣಿಜ್ಯ ತೆರಿಗೆ ಇಲಾಖೆಗಳಿಗೆ ಲೋಕಸೇವಾ ಆಯೋಗ ನೇಮಕ ಮಾಡುತ್ತದೆ. ಸಹಕಾರ ಕ್ಷೇತ್ರವನ್ನು ನಗರದ ಸಲಹೆಗಾರರು ಮರೆಯುತ್ತಾರೆ. ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಆರಂಭವಾದ ಕೃಷಿ ಪತ್ತಿನ ಸಂಘದಿಂದ ಮೊದಲ್ಗೊಂಡು ಇಂದಿನ ಡಿಸಿಸಿ ಬ್ಯಾಂಕ್, ಪಟ್ಟಣ ಸಹಕಾರ ಬ್ಯಾಂಕ್, 1997ರ ಕಾಯ್ದೆಯ ಸೌಹಾರ್ದ ಸಹಕಾರಿಗಳವರೆಗೆ ಊರು ಬಿಡಲಾಗದ ಪದವೀಧರರಿಗೆ ಇಲ್ಲಿ ಕೆಲಸವಿದೆ. ಸಂಬಳ ಕಡಿಮೆ, ಆಡಳಿತ ಮಂಡಳಿಯ ರಾಜಕೀಯ ಹೆಚ್ಚು. ಕನ್ನಡದಲ್ಲೇ ಲೆಕ್ಕ ಬರೆದು ಕನ್ನಡದಲ್ಲೇ ಸಾಲ ವಸೂಲು ಮಾಡುವ ಕಲೆ ಇಲ್ಲಿ ಪದವಿಗಿಂತ ದೊಡ್ಡದು.

ಬೆಂಗಳೂರಿನ ಕಚೇರಿಗಳು

ರಿಸರ್ವ್ ಬ್ಯಾಂಕ್, ಸೆಬಿ, ಎರಡು ದೊಡ್ಡ ಷೇರು ವಿನಿಮಯ ಕೇಂದ್ರಗಳು ಎಲ್ಲವೂ ಮುಂಬಯಿಯಲ್ಲಿವೆ. ಫಂಡ್ ನಿರ್ವಹಣೆ, ಕಂಪನಿಗಳ ಖರೀದಿ ಮಾರಾಟದ ಕೆಲಸ ಬೇಕೆಂದರೆ ಗಂಟುಮೂಟೆ ಅಲ್ಲಿಗೇ ಕಟ್ಟಬೇಕು. ಬೆಂಗಳೂರಿನದು ಬೇರೆ ಬಗೆ. 2004ರಲ್ಲಿ ಗೋಲ್ಡ್‌ಮನ್ ಸ್ಯಾಕ್ಸ್ ಇಲ್ಲಿ ಕಚೇರಿ ತೆರೆಯಿತು; ಹೊರದೇಶದ ಇನ್ನೂ ಅನೇಕ ಬ್ಯಾಂಕುಗಳು, ಫಂಡ್ ಸಂಸ್ಥೆಗಳು ತಮ್ಮ ಜಾಗತಿಕ ಕೇಂದ್ರಗಳನ್ನು ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡಗಳಲ್ಲಿ ನಡೆಸುತ್ತಿವೆ. ಫಂಡ್‌ನ ದಿನದ ಮೌಲ್ಯ ಲೆಕ್ಕ ಹಾಕುವುದು, ಎರಡು ಪುಸ್ತಕಗಳ ನಡುವಿನ ವ್ಯತ್ಯಾಸ ಹುಡುಕುವುದು, ಗ್ರಾಹಕರ ಹಿನ್ನೆಲೆ ಪರಿಶೀಲನೆ, ಅಕ್ರಮ ಹಣದ ತಪಾಸಣೆ, ನಷ್ಟಭಯದ ಮಾದರಿಗಳು ಇಲ್ಲಿನ ಕೆಲಸ. ಕಾಲೇಜಿನಿಂದ ನೇರವಾಗಿ ಬಿ.ಕಾಂ., ಬಿಬಿಎ ಹುಡುಗ ಹುಡುಗಿಯರನ್ನು ದೊಡ್ಡ ಸಂಖ್ಯೆಯಲ್ಲಿ ಸೇರಿಸಿಕೊಳ್ಳುವುದು ಈ ಕಚೇರಿಗಳೇ. ನ್ಯೂಯಾರ್ಕಿನ ಹಗಲಿಗೆ ಹೊಂದಿಕೊಂಡ ಪಾಳಿ, ಕ್ಯಾಬು, ನಗರದ ಮಟ್ಟಿಗೆ ಮೋಸವಿಲ್ಲದ ಸಂಬಳ.

ಇಲ್ಲಿ ಸೇರುವುದು ಸುಲಭ, ಮೇಲೇರುವುದು ಕಷ್ಟ. ಕೆಳಹಂತದ ಕೆಲಸ ದಿನೇದಿನೇ ತಂತ್ರಾಂಶದ ಪಾಲಾಗುತ್ತಿದೆ. ಎರಡು ವರ್ಷದೊಳಗೆ ಎಕ್ಸೆಲ್‌ನಿಂದ ಎಸ್‌ಕ್ಯುಎಲ್, ಪೈಥಾನ್ ಕಡೆಗೋ ಸಿಎಫ್ಎ ಅಥವಾ ನಷ್ಟಭಯ ನಿರ್ವಹಣೆಯ ಎಫ್‌ಆರ್‌ಎಂ ಪರೀಕ್ಷೆಯ ಕಡೆಗೋ ಹೆಜ್ಜೆ ಹಾಕದವರು ಅದೇ ಮೇಜಿನ ಮುಂದೆ ಉಳಿಯುತ್ತಾರೆ. 2010ರಲ್ಲಿ ಆರಂಭವಾದ ಜೆರೋಧಾ, 2015ರ ಫೋನ್‌ಪೇ ಮುಂತಾದ ಬೆಂಗಳೂರಿನ ಫಿನ್‌ಟೆಕ್ ಕಂಪನಿಗಳಲ್ಲಿ ಎಂಜಿನಿಯರರಿಗೆ ಮೊದಲ ಮಣೆ. ಲೆಕ್ಕ, ನಿಯಮಪಾಲನೆ, ನಷ್ಟಭಯ ನಿರ್ವಹಣೆಯ ಕುರ್ಚಿಗಳು ಹಣಕಾಸಿನವರಿಗೆ.

ಸ್ನಾತಕೋತ್ತರ

ಎಂ.ಕಾಂ. ಇಂದು ಮುಖ್ಯವಾಗಿ ಅಧ್ಯಾಪನದ ಪದವಿ. ಜೊತೆಗೆ ಎನ್‌ಇಟಿ ಅಥವಾ ಕೆ-ಸೆಟ್ ಬೇಕು. ಎಂಬಿಎ ವಿಷಯದಲ್ಲಿ ಹೇಳುವುದು ಇಷ್ಟೆ: ಓದುವ ವಿಷಯಕ್ಕಿಂತ ಓದಿದ ಜಾಗಕ್ಕೆ ಬೆಲೆ. 1973ರ ಬೆಂಗಳೂರು ಐಐಎಂಗೂ ಪಿಜಿಸಿಇಟಿಯಲ್ಲಿ ಸೀಟು ಖಾಲಿ ಉಳಿಸಿಕೊಳ್ಳುವ ಕಾಲೇಜಿಗೂ ಪದವಿಯ ಹೆಸರೊಂದೇ ಸಮಾನ. ಸಾಲ ಮಾಡಿ ಸಾಧಾರಣ ಎಂಬಿಎ ಮಾಡುವುದಕ್ಕಿಂತ ಕೆಲಸದಲ್ಲಿದ್ದುಕೊಂಡು ವೃತ್ತಿ ಪರೀಕ್ಷೆ ಬರೆಯುವುದು ಮೇಲು ಎಂಬುದು ಈ ಲೇಖಕನ ಅಭಿಪ್ರಾಯ.

ಅಮೆರಿಕಕ್ಕೆ ಹೋಗುವವರಿಗೆ ಪದವಿಯ ಹೆಸರೂ ಮುಖ್ಯವಾಗುವ ಒಂದು ವಿಚಿತ್ರವಿದೆ. ಅಲ್ಲಿನ ಸರ್ಕಾರ ವಿಜ್ಞಾನ ಮತ್ತು ಗಣಿತದ ಪಟ್ಟಿಯಲ್ಲಿಟ್ಟ ಕೋರ್ಸುಗಳನ್ನು ಓದಿದವರು ಒಂದು ವರ್ಷದ ಬದಲು ಮೂರು ವರ್ಷ ಕೆಲಸದ ಅನುಭವ ಪಡೆಯಬಹುದು. ಹಣಕಾಸು ಗಣಿತ ಮತ್ತು ಎಕನಾಮೆಟ್ರಿಕ್ಸ್ ಆ ಪಟ್ಟಿಯಲ್ಲಿವೆ. ಒಂದೇ ಕಟ್ಟಡದಲ್ಲಿ ಹೆಚ್ಚುಕಡಿಮೆ ಅದೇ ಪಾಠ ಕೇಳಿದ ಇಬ್ಬರಲ್ಲಿ ಒಬ್ಬರು ಕೋರ್ಸಿನ ಕೋಡ್ ಸಂಖ್ಯೆಯ ದೆಸೆಯಿಂದ ಎರಡು ವರ್ಷ ಮೊದಲೇ ವಿಮಾನ ಹತ್ತಬೇಕಾಗಬಹುದು.

ಆಯ್ಕೆ

ಕೋರ್ಸಿನ ಹೆಸರು ನೋಡುವ ಮೊದಲು ಮನೆಯವರು ಎರಡು ವಿಷಯ ಒಪ್ಪಿಕೊಳ್ಳಬೇಕು: ಮಗುವಿಗೆ ಗಣಿತ ಎಷ್ಟು ಒಗ್ಗುತ್ತದೆ, ಸಂಪಾದನೆಗಾಗಿ ಮನೆ ಎಷ್ಟು ವರ್ಷ ಕಾಯಬಲ್ಲದು. ಗಣಿತ ಒಗ್ಗುತ್ತದೆ, ಕಾಯಲೂ ಆಗುತ್ತದೆ ಎಂದರೆ ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ, ಆಕ್ಚುಯರಿ. ಗಣಿತ ಸಾಧಾರಣ, ತಾಳ್ಮೆ ಅಸಾಧಾರಣ ಎಂದರೆ ಬಿ.ಕಾಂ. ಜೊತೆ ಸಿಎ, ಮೂರು ಬಾರಿ ಇಂಟರ್ ಕೈಕೊಟ್ಟರೆ ನಾಚಿಕೆಪಡದೆ ದಾರಿ ಬದಲಿಸಬೇಕು, ಅಷ್ಟರಲ್ಲಿ ಕಲಿತದ್ದು ವ್ಯರ್ಥವಾಗುವುದಿಲ್ಲ. ಇಪ್ಪತ್ತೊಂದಕ್ಕೆ ಸಂಬಳ ಬರಲೇಬೇಕಾದ ಮನೆಯಾದರೆ ಸರ್ಕಾರಿ ಕಾಲೇಜಿನ ಬಿ.ಕಾಂ., ಟ್ಯಾಲಿ, ಕೊನೆಯ ವರ್ಷದಿಂದಲೇ ಬ್ಯಾಂಕ್ ಪರೀಕ್ಷೆಯ ಅಭ್ಯಾಸ. ದುಬಾರಿ ಶುಲ್ಕದ ‘ಸಂಯೋಜಿತ’ ಕೋರ್ಸಿಗೆ ಸೇರುವ ಮುನ್ನ ಹಿಂದಿನ ತಂಡದಲ್ಲಿ ಎಷ್ಟು ಜನ ಆ ವೃತ್ತಿ ಪರೀಕ್ಷೆಯನ್ನು ಪೂರ್ತಿ ಮುಗಿಸಿದರು ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಬೇಕು.

ಸಿಎ ಸಹಿ ಮಾಡುವ ಪ್ರತಿ ವರದಿ ಮತ್ತು ಪ್ರಮಾಣಪತ್ರಕ್ಕೂ 2019ರಿಂದ ಯುಡಿಐಎನ್ ಎಂಬ 18 ಅಕ್ಷರಾಂಕಗಳ ಗುರುತು ಕಡ್ಡಾಯವಾಗಿದೆ. ಅದರ ಮೊದಲ ಎರಡು ಅಂಕಿ ವರ್ಷವನ್ನು, ಮುಂದಿನ ಆರು ಐಸಿಎಐ ಸದಸ್ಯತ್ವ ಸಂಖ್ಯೆಯನ್ನು ತೋರಿಸುತ್ತವೆ. ಯಾವ ವಿಶ್ವವಿದ್ಯಾಲಯದ ಯಾವ ಪದವಿ ಎಂಬುದಕ್ಕೆ ಅದರಲ್ಲಿ ಜಾಗವಿಲ್ಲ.